ವಾಸನೆ ಯಾಕೆ ಹೋಯಿತು ಅಂತ ಗೊತ್ತಾಗುವಷ್ಟರಲ್ಲಿ

ಮೂಗಿನ ಆಪರೇಷನ್ ಆಗಿ, ಚೆಕಪ್ ಎಲ್ಲ ಮುಗಿಸಿ ಹೋದ ವಾರ ಊರಿಗೆ ಬಂದೆ. "ವಾಸನೆ ಬರಲ್ಲ ಅಷ್ಟೇ ತಾನೇ, ಅದಕ್ಯಾಕೆ ಇಷ್ಟೊಂದು ಓಡಾಟ?" ಅಂತ ನಮ್ಮ ಬೀದಿಯಲ್ಲೇ ತುಂಬಾ ಜನ ಕೇಳಿದರು. ಕಣ್ಣು ಕಾಣದಿದ್ದರೆ, ಕಿವಿ ಕೇಳದಿದ್ದರೆ ಯಾರೂ ಹಾಗೆ ಕೇಳುವುದಿಲ್ಲ. ವಾಸನೆ ಕಳೆದುಕೊಂಡವರ ಕಷ್ಟ ಪಕ್ಕದಲ್ಲಿ ಕೂತವರಿಗೂ ಕಾಣುವುದಿಲ್ಲ. ಯಾರಿಗಾದರೂ ತಿಂಗಳುಗಟ್ಟಲೆ ಹೀಗೇ ಆಗಿದ್ದರೆ ಎಲ್ಲಿಂದ ಶುರು ಮಾಡಬೇಕು, ಡಾಕ್ಟರು ಏನೇನು ಕೇಳುತ್ತಾರೆ, ಯಾವ ಕಾಗದ ಬೇಕು, ಖರ್ಚು ಎಷ್ಟು ಅಂತ ತಿಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಕೇಳಿಸಿಕೊಂಡಿದ್ದನ್ನು, ಅನುಭವಿಸಿದ್ದನ್ನು ಹೇಳುತ್ತೇನೆ.

ನಮ್ಮದು ಶಿಡ್ಲಘಟ್ಟ. ಮನೆಗೆ ಹೊಂದಿಕೊಂಡೇ ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ ಇದೆ. ಗೂಡನ್ನು ಬಿಸಿನೀರಲ್ಲಿ ಬೇಯಿಸಿ, ಎಳೆ ಹಿಡಿದು, ಚರಕಕ್ಕೆ ಸುತ್ತುವ ಕೆಲಸ. ಬೆಂದ ಗೂಡು, ಒಳಗಿನ ಹುಳ, ಎಲ್ಲ ಸೇರಿ ಬರುವ ವಾಸನೆ ಹೊಸಬರಿಗೆ ತಡೆಯಲಾಗುವುದಿಲ್ಲ. ಮಾಲೂರು ಕಡೆಯಿಂದ ಸೊಸೆಯಾಗಿ ಬಂದಾಗ ನನಗೂ ಊಟ ಸೇರುತ್ತಿರಲಿಲ್ಲ. ಆಮೇಲೆ ಒಗ್ಗಿಹೋಯಿತು. ಅದೇ ತೊಂದರೆಯಾಯಿತು. ವಾಸನೆ ಕಮ್ಮಿಯಾಗುತ್ತಾ ಬಂದರೂ "ಒಗ್ಗಿಹೋಗಿದೆ" ಅಂತಲೇ ಮನೆಯವರೆಲ್ಲ ಅಂದುಕೊಂಡರು.

2024ರ ಬೇಸಿಗೆಯಲ್ಲಿ ತಂಗಿ ಬಂದಿದ್ದಳು. ಮಧ್ಯಾಹ್ನ ಅಡುಗೆಮನೆಗೆ ಕಾಲಿಟ್ಟವಳೇ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಅಕ್ಕಾ, ಗ್ಯಾಸು!" ಅಂತ ಕೂಗಿದಳು. ನಾನು ಅಲ್ಲೇ ಒಲೆಯ ಪಕ್ಕ ಕೂತು ಹುರುಳಿಕಾಯಿ ಬಿಡಿಸುತ್ತಿದ್ದೆ. ರೆಗ್ಯುಲೇಟರ್ ಹತ್ತಿರ ಪೈಪು ಬಿರುಕು ಬಿಟ್ಟಿತ್ತು. ನನಗೆ ಒಂದಿಷ್ಟೂ ಗೊತ್ತಾಗಿರಲಿಲ್ಲ. ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲವಂತೆ. ಸೋರಿದರೆ ಜನರಿಗೆ ತಿಳಿಯಲಿ ಅಂತಲೇ ಈಥೈಲ್ ಮರ್ಕ್ಯಾಪ್ಟನ್ ಅನ್ನುವ ಕೆಟ್ಟ ವಾಸನೆಯ ವಸ್ತು ಸೇರಿಸುತ್ತಾರೆ. ಆ ಎಚ್ಚರಿಕೆ ನನ್ನ ಪಾಲಿಗೆ ಇರಲೇ ಇಲ್ಲ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಮಗಳೂ ಅತ್ತೆಯೂ ಮಲಗಿದ್ದನ್ನು ನೋಡುತ್ತಾ ಕೂತಿದ್ದೆ.

ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ವಾಸನೆ ಬರುವುದಿಲ್ಲ ಅಂತಿದ್ದರೆ, ಡಾಕ್ಟರ ಹತ್ತಿರ ಹೋಗುವುದಕ್ಕೂ ಮೊದಲು ಈ ಕೆಲಸ ಮಾಡಿ. ಪೈಪು ಬದಲಾಯಿಸಿ. ರಾತ್ರಿ ರೆಗ್ಯುಲೇಟರ್ ಆಫ್ ಮಾಡಿ. ಗ್ಯಾಸ್ ಸೋರಿದರೆ ಫೋನ್ ಮಾಡುವ ನಂಬರ್ 1906, ಅದನ್ನು ಗೋಡೆಗೆ ಬರೆದಿಡಿ. ಸಾರು, ಹಾಲು, ಚಟ್ನಿ ಹಳಸಿದೆಯೋ ಇಲ್ಲವೋ ಅಂತ ನಾವು ಮೂಸಿ ಹೇಳಲಾಗುವುದಿಲ್ಲ. ಮಾಡಿದ ದಿನ, ಹೊತ್ತು ಡಬ್ಬಿಯ ಮೇಲೆ ಬರೆಯಿರಿ. ಮಕ್ಕಳಿಗೆ ಕೊಡುವ ಮುಂಚೆ ಬೇರೆಯವರ ಹತ್ತಿರ ಮೂಸಿಸಿ.

ಮೊದಲು ಹೋಗಿದ್ದು ಊರಿನ ಒಂದು ಕ್ಲಿನಿಕ್ಕಿಗೆ. "ಕೊರೊನಾ ಬಂದಿತ್ತಾ?" ಅಂದರು. 2021ರ ಮೇನಲ್ಲಿ ಬಂದಿತ್ತು ಅಂದೆ. "ಅದರದ್ದೇ. ಬರುತ್ತೆ ಬಿಡಿ" ಅಂತ ಬಿ ಕಾಂಪ್ಲೆಕ್ಸು, ಜಿಂಕ್ ಮಾತ್ರೆ, ಮೂಗು ಬಿಡಿಸುವ ಡ್ರಾಪ್ಸು ಬರೆದುಕೊಟ್ಟರು. ಕೊರೊನಾದಲ್ಲಿ ಹೋಗಿದ್ದ ವಾಸನೆ ಆ ಮಳೆಗಾಲದಲ್ಲೇ ವಾಪಸ್ ಬಂದಿತ್ತು, ಈಗ ಮತ್ತೆ ಹೋಗಿದೆ ಅಂತ ಹೇಳಿದೆ. ಆ ಮಾತನ್ನು ಅಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲ್ಕೈದು ತಿಂಗಳು ಹಾಗೇ ಕಳೆಯಿತು.

ಡ್ರಾಪ್ಸಿನ ಬಗ್ಗೆ ಒಂದು ಮಾತು. ಹಾಕಿದ ಕೂಡಲೇ ಮೂಗು ಬಿಡುತ್ತದೆ. ಕೆಲವು ಗಂಟೆ ಕಳೆದರೆ ಮೊದಲಿಗಿಂತ ಜಾಸ್ತಿ ಕಟ್ಟುತ್ತದೆ. ಈ ಥರದ ಡ್ರಾಪ್ಸನ್ನು ಐದಾರು ದಿನಕ್ಕಿಂತ ಹೆಚ್ಚು ಹಾಕಿದರೆ ಡ್ರಾಪ್ಸೇ ಮೂಗನ್ನು ಕಟ್ಟಿಸುತ್ತದೆ ಅಂತ ಆಮೇಲೆ ಇ.ಎನ್.ಟಿ. ಡಾಕ್ಟರು ಹೇಳಿದರು. ಚೀಟಿಯಲ್ಲಿ ಎಷ್ಟು ದಿನ ಅಂತ ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಆ ತಿಂಗಳುಗಳಲ್ಲಿ ಮನೆಮದ್ದೂ ನಡೆಯಿತು. ನೀಲಗಿರಿ ಎಣ್ಣೆ ಹಾಕಿ ಹಬೆ, ಓಮದ ಕಾಳಿನ ಗಂಟು, ಕರ್ಪೂರ, ಯಾರು ಏನು ಹೇಳಿದರೆ ಅದು. ಹಬೆ ತಗೊಂಡಾಗ ಮೂಗಿನೊಳಗೆ ಚುರ್ ಅನ್ನುತ್ತಿತ್ತು. ನಮ್ಮೆಜಮಾನರು "ನೋಡು, ವಾಸನೆ ಬರ್ತಿದೆಯಲ್ಲ" ಅಂತ ಖುಷಿಪಟ್ಟರು. ಆ ಉರಿ, ಆ ತಂಪು ವಾಸನೆ ಅಲ್ಲವಂತೆ. ಮುಖದ ಸ್ಪರ್ಶ, ನೋವು, ಉರಿಯನ್ನು ತಿಳಿಸುವ ನರವೇ ಬೇರೆ, ವಾಸನೆಯ ನರವೇ ಬೇರೆ. ಅಮೋನಿಯಾ ಮೂಸಿಸಿದರೆ ವಾಸನೆ ಪೂರ್ತಿ ಹೋದವರೂ ಹಿಂದೆ ಸರಿಯುತ್ತಾರೆ. ಹೀಗಾಗಿ ಡಾಕ್ಟರು ಪರೀಕ್ಷೆಗೆ ಕಾಫಿಪುಡಿ, ಲವಂಗ, ನಿಂಬೆಸಿಪ್ಪೆಯಂಥದ್ದನ್ನು ಇಟ್ಟುಕೊಳ್ಳುತ್ತಾರೆ, ಅಮೋನಿಯಾ ಇಟ್ಟುಕೊಳ್ಳುವುದಿಲ್ಲ.

ರುಚಿಯೂ ಹೋಗಿತ್ತು. ಹೋಗಿತ್ತು ಅಂದರೆ ಉಪ್ಪು, ಹುಳಿ, ಸಿಹಿ, ಕಹಿ ನಾಲಿಗೆಗೆ ತಿಳಿಯುತ್ತಿತ್ತು. ಅದು ಬಸ್ಸಾರೋ, ಹುರುಳಿಕಾಳಿನ ಸಾರೋ ಅಂತ ತಿಳಿಯುತ್ತಿರಲಿಲ್ಲ. ನಾವು ರುಚಿ ಅನ್ನುವುದರಲ್ಲಿ ಹೆಚ್ಚಿನ ಪಾಲು, ಅಗಿಯುವಾಗ ಬಾಯಿಯ ಹಿಂದಿನಿಂದ ಮೂಗಿಗೆ ಏರುವ ವಾಸನೆಯೇ. ಮುದ್ದೆ ಸಾರು ಮುಂದಿಟ್ಟುಕೊಂಡು ಸುಮ್ನೆ ನುಂಗುತ್ತಿದ್ದೆ. ತೂಕ ಇಳಿಯಿತು. ಮಗಳು ಹತ್ತಿರ ಬಂದು ಮಲಗಿದರೆ ಅವಳ ತಲೆಗೂದಲಿನ ಎಣ್ಣೆ ವಾಸನೆ ಬರುತ್ತಿರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳಿಕೊಳ್ಳುವುದೂ ಕಷ್ಟ, ಅಲ್ವಾ.

ಕೊನೆಗೆ ಮಗಳೇ ಹಟ ಹಿಡಿದು ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದಳು, ಕಿವಿ ಮೂಗು ಗಂಟಲು ಡಾಕ್ಟರ ಹತ್ತಿರ. ಬೆಳಿಗ್ಗೆ ಬಸ್ಸು ಹತ್ತಿದರೂ ಸರದಿ ಬರುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಬೆಂಚಿನಲ್ಲಿ ಪಕ್ಕದಲ್ಲಿ ಗೌರಿಬಿದನೂರು ಕಡೆಯ ಒಬ್ಬ ಹುಡುಗ ಕೂತಿದ್ದ. ಬೈಕಿನಿಂದ ಬಿದ್ದು ಹಿಂದಲೆಗೆ ಪೆಟ್ಟಾಗಿತ್ತಂತೆ. ಹೊಲಿಗೆ ಬಿಚ್ಚಿ ಮನೆಗೆ ಹೋದ ಮೇಲೆ, ಊಟಕ್ಕೆ ಕೂತಾಗಲೇ ವಾಸನೆ ಇಲ್ಲ ಅಂತ ಗೊತ್ತಾಗಿದ್ದು. ಮೂಗಿನ ಚಾವಣಿಯಲ್ಲಿ ಜರಡಿಯ ಹಾಗೆ ಸಣ್ಣ ಸಣ್ಣ ತೂತಿರುವ ತೆಳು ಮೂಳೆ ಇದೆ, ವಾಸನೆಯ ನರದ ಎಳೆಗಳು ಆ ತೂತಿನ ಮೂಲಕವೇ ಮಿದುಳಿಗೆ ಹೋಗುತ್ತವೆ. ತಲೆ ಜೋರಾಗಿ ಅಲುಗಿದರೆ ಆ ಎಳೆಗಳು ಅಲ್ಲೇ ಹರಿಯಬಹುದು. ಅದನ್ನು ಕೇಳಿ ನನ್ನ ಎದೆ ಧಸಕ್ಕೆಂದಿತು. 2022ರ ದೀಪಾವಳಿ ಹಿಂದುಮುಂದು ನಾನೂ ಚಿಂತಾಮಣಿ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದಿದ್ದೆ.

ಒಳಗೆ ಹೋದಾಗ ಡಾಕ್ಟರು ಮೂಗು ನೋಡುವ ಮುಂಚೆ ತುಂಬಾ ಹೊತ್ತು ಬರೀ ಪ್ರಶ್ನೆ ಕೇಳಿದರು. ಆ ಪ್ರಶ್ನೆಗಳನ್ನು ಇಲ್ಲಿ ಬರೆಯುತ್ತೇನೆ, ಉತ್ತರ ಯೋಚಿಸಿಕೊಂಡು ಹೋದರೆ ನಿಮಗೆ ಸಲೀಸು. ವಾಸನೆ ಒಂದೇ ದಿನ ಹೋಯಿತಾ, ನಿಧಾನವಾಗಿ ಕಮ್ಮಿಯಾಯಿತಾ? ನಡುವೆ ಕೆಲವು ದಿನ ಬಂದು ಹೋಗುತ್ತಾ? ಮೂಗು ಕಟ್ಟುತ್ತಾ, ಎರಡೂ ಕಡೆಯಾ, ಒಂದೇ ಕಡೆಯಾ? ರಕ್ತ ಬರುತ್ತಾ? ಸೀನು, ದಮ್ಮು ಇದೆಯಾ? ನೋವಿನ ಮಾತ್ರೆ ತಗೊಂಡರೆ ಉಸಿರು ಕಟ್ಟುತ್ತಾ? ಇಲ್ಲದ ವಾಸನೆ ಬಂದ ಹಾಗಾಗುತ್ತಾ? ತಲೆಗೆ ಪೆಟ್ಟು? ಬೀಡಿ, ಸಿಗರೇಟು? ಸಕ್ಕರೆ, ಥೈರಾಯ್ಡ್? ಯಾವ ಯಾವ ಮಾತ್ರೆ? ಚಿಕ್ಕಂದಿನಿಂದಲೇ ಹೀಗಾ? ಕೈ ನಡುಕ, ಮರೆವು? ಕೆಲಸ ಏನು?

ಪ್ರತಿ ಪ್ರಶ್ನೆಯ ಹಿಂದೆಯೂ ಒಂದೊಂದು ಕಾರಣ ಇತ್ತು. ನೆಗಡಿ, ಜ್ವರ, ಕೊರೊನಾದಂಥ ವೈರಸ್ಸಿನಿಂದ ಹೋದರೆ ಸಾಮಾನ್ಯವಾಗಿ ಇದ್ದಕ್ಕಿದ್ದ ಹಾಗೆ ಹೋಗುತ್ತದೆ. ಕೊರೊನಾದಲ್ಲಿ ಎಷ್ಟೋ ಜನಕ್ಕೆ ಮೂಗು ಕಟ್ಟದೆಯೇ ವಾಸನೆ ಹೋಗಿತ್ತು, ನೆನಪಿರಬಹುದು. ಆ ವೈರಸ್ಸು ವಾಸನೆಯ ನರಕ್ಕಿಂತ ಹೆಚ್ಚಾಗಿ ಅದಕ್ಕೆ ಆಸರೆಯಾಗಿರುವ ಪಕ್ಕದ ಜೀವಕೋಶಗಳನ್ನು ಹಿಡಿಯುತ್ತದೆ, ಹೀಗಾಗಿ ಬಹಳಷ್ಟು ಜನಕ್ಕೆ ವಾರಗಳಲ್ಲೋ ತಿಂಗಳುಗಳಲ್ಲೋ ವಾಪಸ್ ಬಂತು. ಪೆಟ್ಟು ಬಿದ್ದು ಹೋದರೆ ಬಿದ್ದ ಹೊತ್ತಿನಿಂದಲೇ ಹೋಗಿರುತ್ತದೆ, ಕೆಲವರಿಗೆ ಗೊತ್ತಾಗುವುದು ಮಾತ್ರ ತಡ. ಹುಟ್ಟಿನಿಂದಲೇ ವಾಸನೆ ಇಲ್ಲದವರೂ ಇದ್ದಾರೆ. ವಯಸ್ಸಾದಂತೆ ಕಮ್ಮಿಯಾಗುತ್ತದೆ. ಕೆಲವು ಔಷಧಿ, ಕೆಲವು ರಾಸಾಯನಿಕದ ಹೊಗೆ, ಕತ್ತು ತಲೆಗೆ ಕೊಟ್ಟ ರೇಡಿಯೇಷನ್, ಅಪರೂಪಕ್ಕೆ ಮೂಗಿನಲ್ಲೋ ಮಿದುಳಿನ ಮುಂಭಾಗದಲ್ಲೋ ಗೆಡ್ಡೆ, ಇವೂ ಕಾರಣ ಆಗಬಹುದು. ನಿಧಾನವಾಗಿ ಕಮ್ಮಿಯಾಗುತ್ತಾ, ನಡುನಡುವೆ ಬಂದು ಹೋಗುತ್ತಾ, ಮೂಗೂ ಕಟ್ಟುತ್ತಿದ್ದರೆ, ಗಾಳಿ ವಾಸನೆಯ ಜಾಗಕ್ಕೆ ಏರದ ಹಾಗೆ ಏನೋ ಅಡ್ಡ ಇದೆ ಅಂತ ಮೊದಲ ಅನುಮಾನ. ನನ್ನದು ಹಾಗೇ ಇತ್ತು. ಸ್ಕೂಟರಿನಿಂದ ಬಿದ್ದ ಮೇಲೂ, ಅದರ ಮುಂದೆ ಬಂದ ಸಂಕ್ರಾಂತಿಗೆ ಅವರೆಕಾಯಿ ಸೊಗಡು ಚೆನ್ನಾಗಿ ಬಂದಿದ್ದು ನೆನಪಿತ್ತು. ಅದನ್ನು ಹೇಳಿದ ಕೂಡಲೇ ಡಾಕ್ಟರು, "ಹಾಗಾದ್ರೆ ಬಿದ್ದಿದ್ದಕ್ಕೂ ಇದಕ್ಕೂ ಸಂಬಂಧ ಕಾಣಲ್ಲಮ್ಮ" ಅಂದರು.

ನಡುಕದ ಪ್ರಶ್ನೆ ನನಗೆ ಹೆದರಿಕೆ ತಂದಿತು. ನಮ್ಮ ಮಾವನಿಗೆ ಪಾರ್ಕಿನ್ಸನ್ ಇತ್ತು. ಆ ಕಾಯಿಲೆಯಲ್ಲಿ ಕೈ ನಡುಗುವುದಕ್ಕೆ ವರ್ಷಗಳ ಮುಂಚೆಯೇ ವಾಸನೆ ಕಮ್ಮಿಯಾಗುತ್ತದೆ ಅಂತ ಫೋನಿನಲ್ಲಿ ಓದಿ, ನನಗೂ ಅದೇ ಇರಬೇಕು ಅಂತ ಒಳಗೊಳಗೇ ಕೊರಗಿದ್ದೆ. ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಪಾರ್ಕಿನ್ಸನ್ ಇರುವವರಲ್ಲಿ ವಾಸನೆ ಕಮ್ಮಿಯಾಗುವುದು ನಿಜ. ಆದರೆ ವಾಸನೆ ಹೋದವರಲ್ಲಿ ಹೆಚ್ಚಿನವರಿಗೆ ಆ ಕಾಯಿಲೆ ಬರುವುದಿಲ್ಲ. ಮೂಗು, ಸೈನಸ್ಸು (ಮೂಗಿನ ಸುತ್ತಲಿನ ಮೂಳೆಯೊಳಗೆ ಗಾಳಿ ತುಂಬಿರುವ ಪೊಳ್ಳು ಜಾಗ), ಹಳೇ ವೈರಸ್ಸು, ಪೆಟ್ಟು, ಇವನ್ನೆಲ್ಲ ನೋಡಿ, ಏನೂ ಸಿಗದಿದ್ದರೆ ಆಮೇಲೆ ನರದ ಡಾಕ್ಟರ ಮಾತು. ಫೋನಿನಲ್ಲಿ ಓದಿ ಹೆದರಿದವರು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಆಮೇಲೆ ದುರ್ಬೀನು. ಮೊದಲು ಮೂಗಿಗೆ ಮರಗಟ್ಟಿಸುವ ಔಷಧಿ ಹಾಕಿದ ಹತ್ತಿ ಇಟ್ಟು, ಸ್ವಲ್ಪ ಹೊತ್ತು ಹೊರಗೆ ಕೂರಿಸಿದರು. ಗಂಟಲೂ ಜೋಮು ಹಿಡಿದ ಹಾಗಾಗುತ್ತದೆ, ಎಂಜಲು ನುಂಗಲು ಕಷ್ಟ, ಹೆದರಬೇಡಿ. ಸಣ್ಣ ಕಡ್ಡಿಯಂಥ ಕ್ಯಾಮೆರಾ ಒಳಗೆ ಹೋಯಿತು. ನೋವಿರಲಿಲ್ಲ, ಒತ್ತಿದ ಹಾಗೆ, ಕಣ್ಣಲ್ಲಿ ನೀರು. ಪರದೆ ನನ್ನ ಕಡೆ ತಿರುಗಿಸಿ ತೋರಿಸಿದರು. ಕೆಂಪು ಗೋಡೆಯ ನಡುವೆ ಬಿಳಿಚಿಕೊಂಡ, ಹೊಳೆಯುವ ಗುಳ್ಳೆಗಳು, ಸಿಪ್ಪೆ ಸುಲಿದ ದ್ರಾಕ್ಷಿ ಒತ್ತೊತ್ತಾಗಿ ತುಂಬಿದ ಹಾಗೆ. ಎರಡೂ ಕಡೆ. ಕಡ್ಡಿಯಿಂದ ಮುಟ್ಟಿದರು, ನನಗೆ ಮುಟ್ಟಿದ್ದೇ ತಿಳಿಯಲಿಲ್ಲ. "ಪಾಲಿಪ್ಸ್ ಅಂತಾರಮ್ಮ ಇದಕ್ಕೆ. ಕ್ಯಾನ್ಸರ್ ಅಲ್ಲ. ಒಳಗಿನ ಚರ್ಮ ವರ್ಷಗಟ್ಟಲೆ ಊದಿಕೊಂಡು ಹೀಗೆ ಜೋತುಬೀಳುತ್ತೆ. ವಾಸನೆಯ ಜಾಗ ಮೂಗಿನ ತುತ್ತತುದಿಯಲ್ಲಿದೆ. ಗಾಳಿ ಅಲ್ಲಿಗೆ ಹೋಗೋಕೆ ದಾರಿಯೇ ಇಲ್ಲ."

ಇಷ್ಟು ತಿಂಗಳು ಕೊರೊನಾ ಕೊರೊನಾ ಅಂದವರಲ್ಲಿ ಒಬ್ಬರೂ ಮೂಗಿನೊಳಗೆ ಇಣುಕಿರಲಿಲ್ಲ. ನನಗೆ ಬೇಜಾರಾಗಿದ್ದು ಅದಕ್ಕೇ. ವಾಸನೆ ಹೋಗಿ ಒಂದೆರಡು ತಿಂಗಳಾದರೂ ಬರದಿದ್ದರೆ, ಕಾರಣ ಏನೇ ಅಂದುಕೊಂಡಿರಿ, ಒಮ್ಮೆ ದುರ್ಬೀನು ಹಾಕಿಸಿ ಮೂಗು ನೋಡಿಸಿ. ನನಗೆ ಸಾವಿರ ರೂಪಾಯಿಯೊಳಗೆ ಮುಗಿಯಿತು. ಒಂದೇ ಕಡೆ ಮೂಗು ಕಟ್ಟಿ, ರಕ್ತವೂ ಬರುತ್ತಿದ್ದರೆ ತಿಂಗಳುಗಟ್ಟಲೆ ಕಾಯಲೇಬೇಡಿ. ಒಂದೇ ಕಡೆ ಗುಳ್ಳೆ ಇದ್ದರೆ ಬೇರೆ ಗೆಡ್ಡೆಯೋ ಫಂಗಸ್ಸೋ ಇರಬಹುದು, ಅದನ್ನು ಬೇಗ ನೋಡಬೇಕು ಅಂತ ಡಾಕ್ಟರು ಒತ್ತಿ ಹೇಳಿದರು.

ಕೆಲಸದ ಬಗ್ಗೆ ಮತ್ತೆ ಕೇಳಿದರು. ಗೂಡು ಬೇಯಿಸುವ ಹಬೆ, ಒಣಗಿದ ಹುಳದ ಧೂಳು, ರೇಷ್ಮೆಯ ಅಂಟು, ಇವು ಒಗ್ಗದೆ ರೇಷ್ಮೆ ಕೆಲಸದವರಿಗೆ ದಮ್ಮು, ಮೂಗಿನ ಅಲರ್ಜಿ ಬರುವುದು ಡಾಕ್ಟರಿಗೆಲ್ಲ ಗೊತ್ತಿರುವ ಸಂಗತಿಯಂತೆ. ನನ್ನ ಗುಳ್ಳೆಗಳಿಗೆ ಅದೇ ಕಾರಣ ಅಂತ ಅವರು ಹೇಳಲಿಲ್ಲ, ಪಾಲಿಪ್ಸಿಗೆ ಇಂಥದ್ದೇ ಒಂದು ಕಾರಣ ಅಂತ ಬೆರಳು ಮಾಡಲಾಗುವುದಿಲ್ಲ ಅಂದರು. ಆದರೆ ವರ್ಷವಿಡೀ ಸೀನುತ್ತಾ ಬಂದ ಮೂಗಿಗೆ ಹಬೆ ಒಳ್ಳೆಯದು ಮಾಡಿರಲಾರದು. ನಮ್ಮೂರಲ್ಲಿ ಚರಕದ ಮುಂದೆ ಕೂತು ಸೀನುವವರನ್ನು, ಕೆಮ್ಮುವವರನ್ನು ದಿನಾ ನೋಡುತ್ತೇವೆ. ಅದು ಕೆಲಸದ ಜೊತೆ ಬರುವುದೇ ಅಂತ ಸುಮ್ಮನಿರುತ್ತೇವೆ.

ಮುಂದಿನ ಹೆಜ್ಜೆ ಸಿ.ಟಿ. ಸ್ಕ್ಯಾನ್. ಚೀಟಿಯಲ್ಲಿ ಸಿ.ಟಿ. ಪಿ.ಎನ್.ಎಸ್. ಅಂತ ಬರೆದಿದ್ದರು, ಮೂಗು ಮತ್ತು ಸೈನಸ್ಸುಗಳ ಸ್ಕ್ಯಾನ್. ಒಂದು ಖಾಸಗಿ ಸ್ಕ್ಯಾನಿಂಗ್ ಸೆಂಟರಿಗೆ ಹೋಗಿ 3,000 ರೂಪಾಯಿ ಹತ್ತಿರ ಕಟ್ಟಿದೆವು. ಸಂಜೆ ಫಿಲ್ಮ್ ಕೈಗೆ ಬಂತು. ಮಗಳು ಕವರಿನ ಮೇಲೆ ಓದಿದಳು, ಸಿ.ಟಿ. ಬ್ರೈನ್ ಅಂತಿತ್ತು. ಮೂಗಿನದ್ದು ಮಾಡಬೇಕಾದವರು ತಲೆಯದ್ದು ಮಾಡಿದ್ದರು. ಮೊದಲು ನಮ್ಮದೇ ಚೀಟಿ ಸರಿಯಿಲ್ಲ ಅಂದರು. ಚೀಟಿ ತೋರಿಸಿದ ಮೇಲೆ ನಾಳೆ ಬನ್ನಿ ಅಂದರು. ದುಡ್ಡು ಕೇಳದೆ ಮತ್ತೆ ಮಾಡಿಕೊಟ್ಟರು, ಆದರೆ ಒಂದು ದಿನದ ಕೆಲಸ, ಬಸ್ಸಿನ ಖರ್ಚು, ಸುಮ್ಮನೆ ಎರಡನೇ ಸಲ ವಿಕಿರಣ. ಮಲಗುವ ಮುಂಚೆ "ಏನು ಸ್ಕ್ಯಾನ್ ಮಾಡ್ತಿದ್ದೀರಿ?" ಅಂತ ಒಂದು ಮಾತು ಕೇಳಿ. ಫಿಲ್ಮಿನ ಜೊತೆ ಸಿ.ಡಿ. ಕೂಡ ಇಸಿದುಕೊಳ್ಳಿ. ಬೆಂಗಳೂರಿನಲ್ಲಿ ಸಿ.ಡಿ.ಯನ್ನೇ ಕೇಳಿದರು.

ಎಂ.ಆರ್.ಐ. ಬೇಡವಾ ಅಂತ ನಾನೇ ಕೇಳಿದೆ. ಮೂಗಿನಲ್ಲಿ ಏನೂ ಕಾಣದೆ ವಾಸನೆ ಹೋಗಿದ್ದರೆ, ಅಥವಾ ಬೇರೆ ಲಕ್ಷಣ ಇದ್ದರೆ, ಮಿದುಳಿನ ಕೆಳಗೆ ವಾಸನೆಯ ನರದ ಎಳೆಗಳು ಹೋಗಿ ಸೇರುವ ಭಾಗವನ್ನು ನೋಡಲು ಎಂ.ಆರ್.ಐ. ಮಾಡಿಸುತ್ತಾರೆ. ನನಗೆ ಸದ್ಯಕ್ಕೆ ಬೇಡ ಅಂದರು.

ಸಿ.ಟಿ.ಯಲ್ಲಿ ಕೆನ್ನೆಯ ಹಿಂದಿನ, ಕಣ್ಣಿನ ನಡುವಿನ ಸೈನಸ್ಸುಗಳೆಲ್ಲ ತುಂಬಿಹೋಗಿದ್ದವು. ಗಾಳಿ ಇರಬೇಕಾದಲ್ಲಿ ಕಪ್ಪು ಕಾಣಬೇಕು, ನನ್ನದರಲ್ಲಿ ಎಲ್ಲ ಬೂದಿಬಣ್ಣ. ಆಗ ಡಾಕ್ಟರು ಮೂಗಿಗೆ ಹೊಡೆಯುವ ಸ್ಟೆರಾಯ್ಡ್ ಸ್ಪ್ರೇ ಜೊತೆಗೆ ಪ್ರೆಡ್ನಿಸೊಲೋನ್ ಅನ್ನುವ ಸ್ಟೆರಾಯ್ಡ್ ಮಾತ್ರೆ ಬರೆದರು, ಕೆಲವೇ ದಿನಕ್ಕೆ. ಊತ ಇಳಿದು ವಾಸನೆ ಒಂದಿಷ್ಟಾದರೂ ಬಂದರೆ ನರ ಜೀವಂತ ಇದೆ, ಅಡ್ಡ ಇರುವುದೇ ತೊಂದರೆ ಅಂತ ಅರ್ಥ. ಬರದಿದ್ದರೆ ಬೇರೆ ಯೋಚನೆ ಮಾಡೋಣ ಅಂದರು.

ಮಾತ್ರೆ ಶುರುವಾಗಿ ಇನ್ನೂ ವಾರ ಆಗಿರಲಿಲ್ಲ. ಬೆಳಿಗ್ಗೆ ಘಟಕದಲ್ಲಿ ಬೇಸಿನ್ನಿಗೆ ಗೂಡು ಸುರಿಯುತ್ತಿದ್ದೆ. ಹಬೆ ಮುಖಕ್ಕೆ ಬಂತು. ಅದರೊಳಗೆ ಏನೋ ಇತ್ತು. ಕೈ ನಿಲ್ಲಿಸಿ ಮತ್ತೆ ಎಳೆದುಕೊಂಡೆ. ಬೆಂದ ಹುಳದ ವಾಸನೆ. ಮದುವೆಯಾಗಿ ಬಂದಾಗ ಯಾವುದಕ್ಕೆ ಅತ್ತಿದ್ದೆನೋ ಅದೇ. ಅಲ್ಲೇ ಬೇಸಿನ್ ಮುಂದೆ ಕೂತು ಅತ್ತುಬಿಟ್ಟೆ. ಕೆಲಸದವರು ಕೈ ಸುಟ್ಟುಕೊಂಡೆ ಅಂದುಕೊಂಡು ಓಡಿಬಂದರು. ಮನೆಗೆ ಓಡಿ ಕಾಫಿಪುಡಿ ಡಬ್ಬಿ ತೆಗೆದೆ, ಹಿಂಗು ತೆಗೆದೆ, ದೇವರ ಮನೆಯಲ್ಲಿದ್ದ ಕನಕಾಂಬರ ಮಲ್ಲಿಗೆ ದಂಡೆಯನ್ನು ಮೂಗಿಗೆ ಹಿಡಿದೆ. ಪೂಜೆಯ ಹೂ ಮೂಸಬಾರದು ಅನ್ನುವ ಅತ್ತೆ ಆವತ್ತು ಏನೂ ಅನ್ನಲಿಲ್ಲ. ಅವರೂ ಕಣ್ಣೊರೆಸಿಕೊಂಡರು.

ಮಾತ್ರೆ ನಿಂತ ಮೇಲೆ ಕೆಲವು ದಿನದಲ್ಲಿ ಮತ್ತೆ ಎಲ್ಲ ಮಂಕಾಯಿತು. ಆ ಬೇಸರ ಮೊದಲಿಗಿಂತ ದೊಡ್ಡದು. ಮೆಡಿಕಲ್ ಸ್ಟೋರಿನಲ್ಲಿ ಅದೇ ಮಾತ್ರೆ ಕೇಳಿದರೆ ಕೊಡುತ್ತಿದ್ದರೇನೋ. ಡಾಕ್ಟರು ಮೊದಲೇ ಗದರಿಸಿ ಹೇಳಿದ್ದರು, "ಒಂದು ಮಾತ್ರೆನೂ ನನ್ನ ಕೇಳದೆ ತಗೋಬೇಡಿ." ಪದೇಪದೇ ತಗೊಂಡರೆ ಸಕ್ಕರೆ ಏರುತ್ತದೆ, ಬಿ.ಪಿ. ಏರುತ್ತದೆ, ಮೂಳೆ ಸವೆಯುತ್ತದೆ. ಸಕ್ಕರೆ ಕಾಯಿಲೆ ಇರುವವರಂತೂ ಈ ಮಾತ್ರೆ ಬರೆಯುವಾಗಲೇ ಡಾಕ್ಟರಿಗೆ ಹೇಳಲೇಬೇಕು.

ನರ ಜೀವಂತ ಇದೆ ಅಂತ ಆಯಿತು. ಸ್ಪ್ರೇ ಮತ್ತು ಉಪ್ಪುನೀರಿನಿಂದ ಮೂಗು ತೊಳೆಯುವುದನ್ನು ತಿಂಗಳುಗಟ್ಟಲೆ ಮಾಡಿದರೂ ಗುಳ್ಳೆ ಕರಗಲಿಲ್ಲ. ದುರ್ಬೀನಿನ ಆಪರೇಷನ್ನೇ ದಾರಿ ಅಂದರು. ಹೊರಗೆ ಎಲ್ಲೂ ಕೊಯ್ಯುವುದಿಲ್ಲ, ಮೂಗಿನ ಹೊಳ್ಳೆಯ ಮೂಲಕವೇ ಮಾಡುತ್ತಾರೆ. ಖಾಸಗಿಯಲ್ಲಿ ವಿಚಾರಿಸಿದಾಗ ಲಕ್ಷದ ಮಾತು ಬಂತು. ನಮ್ಮ ಹತ್ತಿರ ಅಷ್ಟಿರಲಿಲ್ಲ. ಬಿ.ಪಿ.ಎಲ್. ಕಾರ್ಡ್ ಇತ್ತು.

ಇಲ್ಲಿಂದ ಕಾಗದದ ಕಥೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎ.ಪಿ.ಎಲ್. ಆದರೆ ಯೋಜನೆಯ ದರದಲ್ಲಿ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗುವುದಿಲ್ಲ ಅಂದರೆ ಅವರು ಬೇರೆ ಕಡೆಗೆ ರೆಫರಲ್ ಪತ್ರ ಕೊಡುತ್ತಾರೆ. ಆ ಪತ್ರ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದರೆ ಯೋಜನೆ ಸಿಗುವುದಿಲ್ಲ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಇರುತ್ತಾರೆ. ಮೊದಲು ಅವರನ್ನು ಹುಡುಕಿ, ನಿಮ್ಮ ಆಪರೇಷನ್ ಪಟ್ಟಿಯಲ್ಲಿದೆಯಾ, ಎಲ್ಲಿ ಆಗುತ್ತದೆ ಅಂತ ಕೇಳಿ.

ನನ್ನ ಹೆಸರು ರೇಷನ್ ಕಾರ್ಡಿನಲ್ಲಿ ಕೊನೆಗೆ "ಅಮ್ಮ" ಸೇರಿಸಿ ಇತ್ತು, ಆಧಾರಿನಲ್ಲಿ ಇರಲಿಲ್ಲ. ಅದಕ್ಕೊಂದು ತಿದ್ದುಪಡಿ. ಆಮೇಲೆ ಆಧಾರ್ ಖಾತ್ರಿಗೆ ಹೆಬ್ಬೆಟ್ಟು. ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟರೆ ತಗೊಳ್ಳುತ್ತಲೇ ಇಲ್ಲ. ಎಡಗೈ, ಬಲಗೈ, ತೋರುಬೆರಳು, ಯಾವುದೂ ಇಲ್ಲ. ವರ್ಷಗಟ್ಟಲೆ ಬಿಸಿನೀರಲ್ಲಿ ಎಳೆ ಹುಡುಕಿದ ಕೈ, ಬೆರಳಿನ ಗೆರೆ ಸವೆದುಹೋಗಿತ್ತು. ಹಿಂದೆ ಸಾಲು ಬೆಳೆಯುತ್ತಿತ್ತು, ನಾನು ಸೆರಗಿನಲ್ಲಿ ಬೆರಳು ತಿಕ್ಕುತ್ತಿದ್ದೆ. ಅಲ್ಲಿದ್ದ ಹುಡುಗಿ "ಆಂಟಿ, ಫೋನಿಗೆ ಓ.ಟಿ.ಪಿ. ಬರುತ್ತೆ, ಅದು ಸಾಕು" ಅಂದಳು. ಆದರೆ ಆಧಾರಿಗೆ ಜೋಡಿಸಿದ್ದ ನಂಬರ್ ಯಾವತ್ತೋ ನಿಂತುಹೋಗಿತ್ತು. ಮತ್ತೆ ಆಧಾರ್ ಕೇಂದ್ರ, ಮತ್ತೆ ಕಾಯುವುದು. ಬಿಚ್ಚಾಣಿಕೆ ಕೆಲಸದವರು, ಗಾರೆ ಕೆಲಸದವರು, ಪಾತ್ರೆ ತಿಕ್ಕುವವರು ದಯವಿಟ್ಟು ಇವತ್ತೇ ಆಧಾರಿಗೆ ನಡೆಯುತ್ತಿರುವ ಫೋನ್ ನಂಬರ್ ಜೋಡಿಸಿಡಿ. ಕಾಯಿಲೆ ಬಂದಾಗ ಅಲೆಯುವುದು ತಪ್ಪುತ್ತದೆ.

ಬೆಂಗಳೂರಿನ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ದಿನ ಸಿಕ್ಕಿತು. ಆಪರೇಷನ್ನಿಗೆ ಮುಂಚೆ ರಕ್ತ, ಇ.ಸಿ.ಜಿ., ಎದೆಯ ಎಕ್ಸ್‌ರೇ, ಅರಿವಳಿಕೆ ಡಾಕ್ಟರ ಒಪ್ಪಿಗೆ. ಅಲ್ಲಿ ಥೈರಾಯ್ಡ್ ಸಿಕ್ಕಿಬಿತ್ತು. ರಕ್ತಪರೀಕ್ಷೆಯಲ್ಲಿ ಟಿ.ಎಸ್.ಎಚ್. ತುಂಬಾ ಜಾಸ್ತಿ, ಅಂದರೆ ಥೈರಾಯ್ಡ್ ಕಮ್ಮಿ ಕೆಲಸ ಮಾಡುತ್ತಿದೆ ಅಂತ. ಹಾಗಾದರೂ ವಾಸನೆ, ರುಚಿ ಮಂಕಾಗಬಹುದಂತೆ. ನಾನು ಮೊದಲಿನಿಂದ ತಗೊಳ್ಳುತ್ತಿದ್ದ ಥೈರಾಯ್ಡ್ ಮಾತ್ರೆಯ ಪ್ರಮಾಣ ಏರಿಸಿದರು, ಆರು ವಾರ ಬಿಟ್ಟು ಮತ್ತೆ ಪರೀಕ್ಷೆ, ಅಲ್ಲಿಯವರೆಗೆ ಆಪರೇಷನ್ ಇಲ್ಲ. ಬಟ್ಟೆಬರೆ ಕಟ್ಟಿಕೊಂಡು ಹೋದವರು ವಾಪಸ್ ಬಂದೆವು. ಥೈರಾಯ್ಡ್ ಇರುವವರು ದಿನ ಗೊತ್ತಾಗುವ ಮೊದಲೇ ಟಿ.ಎಸ್.ಎಚ್. ನೋಡಿಸಿಟ್ಟುಕೊಳ್ಳಿ.

ಎರಡನೇ ಸಲ ಎಲ್ಲ ಸರಿಯಾಯಿತು. ಹಿಂದಿನ ರಾತ್ರಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಸೈನಸ್ಸಿನ ಪಕ್ಕದಲ್ಲೇ ಕಣ್ಣು, ಮೇಲೆ ಮಿದುಳು. ಅಪರೂಪಕ್ಕೆ ಕಣ್ಣಿಗೆ ತೊಂದರೆಯಾಗಬಹುದು, ಮಿದುಳಿನ ಸುತ್ತಲಿನ ನೀರು ಸೋರಬಹುದು ಅಂತ ಅದರಲ್ಲಿತ್ತು. ವಾಸನೆ ಪೂರ್ತಿ ಬರುತ್ತದೆ ಅಂತ ಭರವಸೆ ಇಲ್ಲ ಅಂತಲೂ ಇತ್ತು. ನಮ್ಮೆಜಮಾನರ ಕೈ ನಡುಗಿತು. "ಬೇಡ ಬಿಡು, ವಾಸನೆ ಇಲ್ಲದೇ ಇದ್ದುಬಿಡೋಣ" ಅಂದರು. ಆ ಬೇಸಿನ್ನಿನ ಬೆಳಗು ನೆನಪಾಗಿ ನಾನೇ ಪೆನ್ನು ಈಸಿಕೊಂಡೆ.

ಆಪರೇಷನ್ ನನಗೆ ಗೊತ್ತಾಗಲೇ ಇಲ್ಲ, ಪೂರ್ತಿ ಅರಿವಳಿಕೆ ಕೊಟ್ಟಿದ್ದರು. ಕಷ್ಟ ಎಚ್ಚರವಾದ ಮೇಲೆ. ಎರಡೂ ಹೊಳ್ಳೆಗೆ ಪ್ಯಾಕ್ ತುರುಕಿರುತ್ತಾರೆ. ಬಾಯಲ್ಲೇ ಉಸಿರು, ಗಂಟಲು ಒಣಗಿ ಬಿರುಕು ಬಿಟ್ಟ ಹಾಗೆ, ಮಲಗಿದರೆ ಉಸಿರು ಕಟ್ಟುವ ಭಯ. ತಲೆದಿಂಬು ಎರಡು ಇಟ್ಟುಕೊಂಡು ಕೂತೇ ಇದ್ದೆ. ಮಗಳು ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಿದ್ದಳು. ಪ್ಯಾಕ್ ತೆಗೆಯುವುದು ಒಂದೆರಡು ನಿಮಿಷದ ಕೆಲಸ, ಆದರೆ ಹಣೆಯೊಳಗಿನಿಂದ ಏನೋ ಎಳೆದ ಹಾಗಾಗುತ್ತದೆ. ರಕ್ತ ಬರುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಆಮೇಲೆ ಮೂಗಿನಲ್ಲಿ ಒಳಗೆ ಹೋದ ಮೊದಲ ಗಾಳಿ ತಣ್ಣಗಿತ್ತು.

ತೆಗೆದ ತುಂಡನ್ನು ಪರೀಕ್ಷೆಗೆ ಕಳಿಸಿದ್ದರು. ಆ ವರದಿ ಕೇಳಿ ತಗೊಳ್ಳಿ, ಮರೆಯಬೇಡಿ. ನನ್ನದರಲ್ಲಿ ಫಂಗಸ್ ಇರಲಿಲ್ಲ, ಗೆಡ್ಡೆ ಅಲ್ಲ, ಅಲರ್ಜಿಯಲ್ಲಿ ಏರುವ ಇಯೋಸಿನೊಫಿಲ್ ಕಣ ಜಾಸ್ತಿ ಅಂತ ಬಂತು. ಈ ಥರದ ಗುಳ್ಳೆ ಮತ್ತೆ ಬೆಳೆಯಬಹುದು, ಹಾಗಾಗಿ ಸ್ಪ್ರೇ ಮತ್ತು ತೊಳೆಯುವುದು ಬಿಡುವ ಹಾಗಿಲ್ಲ. ತೊಳೆಯಲು ಕುದಿಸಿ ಆರಿಸಿದ ನೀರೇ ಆಗಬೇಕು, ನಲ್ಲಿ ನೀರು, ಬೋರ್ ನೀರು ನೇರವಾಗಿ ಹಾಕಲೇಬಾರದು. ಸ್ಪ್ರೇ ಹೊಡೆಯುವಾಗ ನಡುಗೋಡೆಯ ಕಡೆಗಲ್ಲ, ಹೊರಕ್ಕೆ, ಆ ಬದಿಯ ಕಣ್ಣಿನ ಕಡೆಗೆ ತಿರುಗಿಸಿ. ಬಲಹೊಳ್ಳೆಗೆ ಎಡಗೈ, ಎಡಹೊಳ್ಳೆಗೆ ಬಲಗೈ ಬಳಸಿದರೆ ತಾನಾಗಿ ಆ ಕಡೆ ತಿರುಗುತ್ತದೆ.

ಖರ್ಚು ಕೇಳುತ್ತೀರಿ. ಆಪರೇಷನ್ನಿಗೆ ಯೋಜನೆಯಲ್ಲಿ ದುಡ್ಡು ಕಟ್ಟಲಿಲ್ಲ. ಆದರೂ ಸ್ಕ್ಯಾನ್, ದುರ್ಬೀನು, ಹೊರಗೆ ತಂದ ಔಷಧಿ, ಜೊತೆಗಿದ್ದವರ ಊಟ, ಬಸ್ಸು ಆಟೋ ಎಲ್ಲ ಸೇರಿ ಕೈಯಿಂದ 25,000 ಹತ್ತಿರ ಹೋಯಿತು. ಘಟಕಕ್ಕೆ ಬೀಗ ಹಾಕಿದ ದಿನಗಳ ನಷ್ಟ ಬೇರೆ.

ಆಪರೇಷನ್ ಆದ ಕೂಡಲೇ ವಾಸನೆ ಧುಮುಕಿ ಬರುತ್ತದೆ ಅಂದುಕೊಳ್ಳಬೇಡಿ. ಮೊದಲ ವಾರಗಳು ಒಳಗೆಲ್ಲ ಹೆಕ್ಕಳೆ ಕಟ್ಟಿರುತ್ತದೆ. ಆಮೇಲೆ ಒಂದೊಂದಾಗಿ ಬಂದವು. ಕಾಫಿ ಬೇಗ ಬಂತು. ಕೊತ್ತಂಬರಿ ಸೊಪ್ಪು ತುಂಬಾ ತಡ. ಡಾಕ್ಟರು ವಾಸನೆಯ ಅಭ್ಯಾಸ ಹೇಳಿಕೊಟ್ಟರು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಈ ನಾಲ್ಕನ್ನು ಬೆಳಿಗ್ಗೆ ಸಂಜೆ, ಒಂದೊಂದನ್ನೂ ಹತ್ತಿಪ್ಪತ್ತು ಸೆಕೆಂಡು, ಆ ವಾಸನೆ ಹೇಗಿತ್ತು ಅಂತ ನೆನೆಸಿಕೊಳ್ಳುತ್ತಾ ಮೆಲ್ಲಗೆ ಮೂಸುವುದು. ಕಮ್ಮಿ ಅಂದರೆ ಮೂರು ತಿಂಗಳು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹುಮ್ಮೆಲ್ ಅನ್ನುವವರ ತಂಡ 2009ರಲ್ಲಿ ಇದನ್ನು ಪರೀಕ್ಷೆ ಮಾಡಿ ತೋರಿಸಿತಂತೆ. ವೈರಸ್ಸಿನಿಂದ ವಾಸನೆ ಹೋದವರಿಗೆ ಇದೇ ಮುಖ್ಯ ಚಿಕಿತ್ಸೆ. ವಾಸನೆಯ ನರಕೋಶಗಳು ಸತ್ತು ಮತ್ತೆ ಹೊಸದಾಗಿ ಹುಟ್ಟುತ್ತವೆ, ಹಾಗಾಗಿ ತಾಳ್ಮೆ ಇಡುವುದರಲ್ಲಿ ಅರ್ಥ ಇದೆ. ವಾರ್ಡಿನಲ್ಲಿ ಪರಿಚಯವಾದ ಒಬ್ಬರಿಗೆ ಕೊರೊನಾ ಆದ ಮೇಲೆ ಕಾಫಿ ಕುದಿದರೆ ಸುಟ್ಟ ರಬ್ಬರಿನ ವಾಸನೆ ಬರುತ್ತಿತ್ತು, ಈರುಳ್ಳಿ ಹುರಿದರೆ ವಾಂತಿ. ಅವರೂ ಇದೇ ಅಭ್ಯಾಸ ಮಾಡುತ್ತಾ ಸ್ವಲ್ಪ ಸ್ವಲ್ಪ ಸುಧಾರಿಸಿಕೊಂಡಿದ್ದರು. ಹೀಗೆ ವಾಸನೆ ತಿರುಚಿ ಬರುವುದು ಎಷ್ಟೋ ಸಲ ನರ ಚೇತರಿಸಿಕೊಳ್ಳುವ ಹಾದಿಯಲ್ಲೇ ಆಗುತ್ತದಂತೆ.

ನನಗೆ ಈಗ ಪೂರ್ತಿ ಬಂದಿದೆ ಅಂತ ಹೇಳಲಾರೆ. ಹಾಲು ಸೀದರೆ ತಿಳಿಯುತ್ತದೆ. ಗ್ಯಾಸಿನ ವಾಸನೆ ತೀರಾ ಹತ್ತಿರ ಹೋದರೆ ತಿಳಿಯುತ್ತದೆ, ಹಾಗಾಗಿ ಸಿಲಿಂಡರನ್ನು ಮನೆಯ ಹೊರಗೆ ಸಾಗಿಸಿದ್ದೇವೆ. ಘಟಕದಲ್ಲಿ ಬೇಸಿನ್ನುಗಳ ಮೇಲೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆವು, ಗೂಡು ಸುರಿಯುವಾಗ, ಹುಳ ಒಣಗಿಸುವಾಗ ಮಾಸ್ಕ್ ಹಾಕಿಕೊಳ್ಳುತ್ತೇನೆ. ನಮ್ಮಲ್ಲಿ ಕೆಲಸಕ್ಕೆ ಬರುವ ಹೆಂಗಸರಲ್ಲಿ ಒಬ್ಬರಿಗೆ ಎರಡು ವರ್ಷದಿಂದ ಮೂಗು ಕಟ್ಟಿದೆ, ಸಾರಿನ ವಾಸನೆ ಬರಲ್ಲ ಅಂತ ಈಗ ಬಾಯಿಬಿಟ್ಟು ಹೇಳಿದ್ದಾರೆ. ಅವರ ಆಧಾರಿಗೆ ಫೋನ್ ನಂಬರ್ ಜೋಡಿಸಿ ಆಗಿದೆ. ಬರುವ ಗುರುವಾರ ಅವರನ್ನು ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ.